ವಿಮಾನಕ್ಕೆ ಬೆನ್ನು ಹಾಕಿ ನಿಲ್ಲುವ ಕೆಲಸ

ಮಾದರಿ ವಿಮಾನ ಕಟ್ಟುವುದನ್ನು ಕಲಿಸುವ ಕೆಲಸಕ್ಕೆ ಬರುವವರು ಒಂದು ಸಂಗತಿಯನ್ನು ಮೊದಲೇ ತಿಳಿದುಕೊಂಡಿರಬೇಕು. ಹಾರಿಸುವುದು ಹತ್ತು ನಿಮಿಷದ ಕೆಲಸ, ಉಪ್ಪುಕಾಗದ ಹಿಡಿದು ಉಜ್ಜುವುದು ಆರು ತಿಂಗಳ ಕೆಲಸ. ಬಾಲ್ಸಾ ಎಂಬ ಹಗುರ ಮರದ ಪುಡಿ ಮೂಗಿಗೆ, ತಲೆಗೂದಲಿಗೆ, ಮಧ್ಯಾಹ್ನದ ಬುತ್ತಿಗೆ ಎಲ್ಲದಕ್ಕೂ ಸೇರುತ್ತದೆ. ಆಕಾಶ ನೋಡುವ ಆಸೆಯಿಂದ ಬಂದವರು ಮೊದಲ ವರ್ಷವೆಲ್ಲ ಮೇಜನ್ನೇ ನೋಡುತ್ತಾರೆ. ಹೀಗೆಂದು ಮೊದಲ ದಿನವೇ ಹೇಳಿದರೆ ಅರ್ಧ ಹುಡುಗರು ಮರುದಿನ ಬರುತ್ತಿರಲಿಲ್ಲ. ಉಳಿದ ಅರ್ಧದಲ್ಲಿ ಒಬ್ಬನಾಗಿದ್ದ ಸಂತೋಷ್ ಈಗ ನನ್ನ ಜಾಗದಲ್ಲಿದ್ದಾನೆ. "ಮೇಡಂ, ನೀವು ಬಾಯಲ್ಲಿ ಹೇಳ್ತಿದ್ದುದನ್ನ ಬರೆದು ಕೊಡಿ, ನನ್ನ ನಂತರ ಬರೋರಿಗೂ ಆಗ್ತದೆ" ಎಂದು ಅವನು ಕೇಳಿದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಬಡ್ತಿ, ಸಂಬಳದ ವಿಚಾರ ಯಾರಿಗೂ ಬೇಡ. ಕೆಲಸ ಕಲಿಸಿದ ಪ್ರಸಂಗಗಳನ್ನಷ್ಟೇ ಹೇಳುತ್ತೇನೆ. ಆದರೆ ಎಲ್ಲಿಂದ ಶುರುಮಾಡಿದರೂ ನನ್ನ ನೆನಪು ಬಣಕಲ್ ಬಳಿಯ ಒಂದು ಕಾಫಿ ಕಣಕ್ಕೆ, ಒಂದು ಮಧ್ಯಾಹ್ನಕ್ಕೆ ಬಂದು ನಿಲ್ಲುತ್ತದೆ. ಇಷ್ಟು ವರ್ಷವಾದರೂ ಅಡುಗೆಮನೆಯಲ್ಲಿ ಮಿಕ್ಸಿಯ ಸದ್ದು ಇದ್ದಕ್ಕಿದ್ದಂತೆ ಇಳಿದರೆ ನಾನು ಕೈಯಲ್ಲಿದ್ದುದನ್ನು ಬಿಟ್ಟು ತಿರುಗಿ ನೋಡುತ್ತೇನೆ. ಅಲ್ಲಿಗೆ ಬರುವ ಮೊದಲು ನಮ್ಮ ಕಾರ್ಯಾಗಾರದ ಕೋಣೆಯ ಕಥೆ ಸ್ವಲ್ಪ ಹೇಳಬೇಕು.

ನಾನು ಚಿಕ್ಕಮಗಳೂರಿನಲ್ಲಿ ಬಿಎಸ್ಸಿ ಮುಗಿಸಿ, ಕಾಫಿ ಬೆಳೆಗಾರರ ಒಂದು ಟ್ರಸ್ಟ್ ನಡೆಸುತ್ತಿದ್ದ ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದವಳು. ತೊಂಬತ್ತರ ದಶಕದ ಆರಂಭದಲ್ಲಿ ನಮ್ಮ ವಿಭಾಗದ ಮುಖ್ಯಸ್ಥರಾಗಿದ್ದ ನಾಗಭೂಷಣ ಸರ್ ಪ್ರಯೋಗಾಲಯದ ಹಿಂದಿನ ಉಗ್ರಾಣವನ್ನು ತೆರವು ಮಾಡಿಸಿ, ಅಲ್ಲಿ ಮಾದರಿ ವಿಮಾನದ ಕಾರ್ಯಾಗಾರ ಶುರುಮಾಡಿದರು. ನನ್ನನ್ನು ಕರೆದು, "ಶಾರದಾ, ನಿಂಗೆ ಹೊಲಿಗೆ ಬರ್ತದಲ್ಲ?" ಎಂದು ಕೇಳಿದರು. ಬರುತ್ತದೆ ಎಂದೆ. "ಹಾಗಾದ್ರೆ ರೆಕ್ಕೆಗೆ ಬಟ್ಟೆ ಹೊದಿಸೋದೂ ಬರ್ತದೆ" ಎಂದರು. ನನ್ನ ನೇಮಕಾತಿ ಆದದ್ದು ಹೀಗೆ.

ಅವರು ಒಳ್ಳೆಯ ಗುರು, ಕಷ್ಟದ ಮೇಲಧಿಕಾರಿ. ನಾವು ಯಾವ ಭಾಗ ತೋರಿಸಿದರೂ ಕಣ್ಣು ಮುಚ್ಚಿಕೊಂಡು ಅದರ ಮೇಲೆ ಬೆರಳಾಡಿಸುತ್ತಿದ್ದರು. "ಕಣ್ಣು ಸುಳ್ಳು ಹೇಳ್ತದೆ, ಬೆರಳು ಹೇಳಲ್ಲ" ಎನ್ನುವುದು ಅವರ ಮಾತು. ಬೆರಳಿಗೆ ಒಂದು ಕೂದಲಿನಷ್ಟು ತರಿ ಸಿಕ್ಕಿದರೂ ಮರಳಿ ಮೇಜಿಗೆ. ಹುಡುಗರು ಬೆನ್ನ ಹಿಂದೆ ಅವರನ್ನು 'ನುಣುಪಪ್ಪ' ಎನ್ನುತ್ತಿದ್ದರು. ಅವರಿಗೂ ಅದು ಗೊತ್ತಿತ್ತು.

ಮೊದಲ ವರ್ಷಗಳಲ್ಲಿ ನಮಗೆ ಸಾಮಾನು ಸಿಗುತ್ತಿರಲಿಲ್ಲ. ಹೊರಗಿನಿಂದ ತರಿಸಿದ ಬಾಲ್ಸಾ ಹಲಗೆ ಮುರಿದರೆ ಬದಲಿಗೆ ತೋಟದ ನೆರಳಿಗೆ ಹಾಕಿದ ಹಾಲುವಾಣದ ಮರವನ್ನೇ ಸೀಳಿಸಿ ಒಣಗಿಸಿ ಬಳಸಿದೆವು. ಹಗುರವೇನೋ ಆಯಿತು. ಆದರೆ ಒಂದು ವಿಮಾನದ ಬಾಲಕ್ಕೆ ಮಳೆಗಾಲದಲ್ಲಿ ಹುಳ ಬಿದ್ದು, ಹಾರಿಸಲು ಹೊರಗೆ ತಂದಾಗ ಬಾಲವೇ ಕೈಗೆ ಬಂತು. ಇಂಜಿನ್ನಿಗೆ ಹಾಕುವ ಇಂಧನದಲ್ಲಿ ಹರಳೆಣ್ಣೆ ಬೆರೆಸಬೇಕಿತ್ತು. ಅದು ಉರಿದು ಹೊರಬಂದ ಜಿಡ್ಡು ನನ್ನ ಸೀರೆಯ ಮೇಲೆಲ್ಲ ಕೂರುತ್ತಿತ್ತು. ನಮ್ಮಮ್ಮ ಬಾಗಿಲಲ್ಲೇ ಮೂಗು ಮುಚ್ಚಿಕೊಂಡು, "ಕಾಲೇಜಲ್ಲಿ ಕೆಲಸ ಅಂತೀಯ, ಬಾಣಂತಿ ಕೋಣೆಯಿಂದ ಎದ್ದು ಬಂದ ಹಾಗೆ ಬರ್ತೀಯಲ್ಲೇ ಮಾರಾಯ್ತಿ" ಎನ್ನುತ್ತಿದ್ದಳು.

ಅಂಟಿನ ಪ್ರಸಂಗವನ್ನೂ ಹೇಳಿಬಿಡುತ್ತೇನೆ. ಕ್ಷಣದಲ್ಲಿ ಹಿಡಿದುಕೊಳ್ಳುವ ಅಂಟು ಆಗಷ್ಟೇ ನಮ್ಮ ಕೈಗೆ ಬಂದಿತ್ತು. ಟ್ರಸ್ಟಿನ ಸದಸ್ಯರು ಕೋಣೆ ನೋಡಲು ಬರುವ ಹೊತ್ತಿಗೆ ನಾಗಭೂಷಣ ಸರ್ ಅವರ ಬಲಗೈಯ ಎರಡು ಬೆರಳು ಒಂದು ರೆಕ್ಕೆಯ ಪಕ್ಕೆಲುಬಿಗೆ, ಎಂದರೆ ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿಗೆ, ಅಂಟಿಕೊಂಡುಬಿಟ್ಟವು. ಬಿಡಿಸಲು ಸಮಯವಿರಲಿಲ್ಲ. ಬಂದವರಿಗೆಲ್ಲ ಸರ್ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೇ ತಲೆಬಾಗಿಸಿ ಸ್ವಾಗತಿಸಿದರು. ಸದಸ್ಯರಲ್ಲಿ ಹಿರಿಯರಾದ ಸಿದ್ದೇಗೌಡರು, ಬಣಕಲ್ ಕಡೆಯ ತೋಟದವರು, ಇದನ್ನು ಗಮನಿಸಿದರು.

"ಏನ್ರೀ ಮೇಷ್ಟ್ರೆ, ನಮಗೆ ಕೈ ಮುಗಿಯೋಕೂ ಬೇಜಾರೋ?"

ಸರ್ ಮೆಲ್ಲಗೆ ಬೆನ್ನ ಹಿಂದಿನಿಂದ ಕೈ ತಂದು, ಪಕ್ಕೆಲುಬಿನ ಸಮೇತ ಕೈ ಮುಗಿದರು. ಗೌಡರು ಒಂದು ಗಳಿಗೆ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ದಿನದಿಂದ ಅವರು ನಮ್ಮ ಕೋಣೆಯ ಕಡೆಯವರಾದರು.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಕೋಣೆಗೆ ಕುತ್ತು ಬಂತು. ಕಾಲೇಜಿಗೆ ಕಂಪ್ಯೂಟರುಗಳು ಬರುವುದಿತ್ತು, ಜಾಗವಿರಲಿಲ್ಲ. ಟ್ರಸ್ಟಿನಲ್ಲಿ ಹೆಚ್ಚಿನವರು, "ಆಟದ ವಿಮಾನಕ್ಕೊಂದು ಕೋಣೆ ಯಾಕೆ?" ಎಂದರು. ಅವರು ಕೇಳಿದ್ದು ತಪ್ಪಲ್ಲ. ಆದರೆ ಆ ಕೋಣೆಯಲ್ಲಿ ಕೈಯಿಟ್ಟು ಕಲಿತ ಹುಡುಗರು ಏನೇನಾದರೆಂದು ನಾನು ನೋಡಿದ್ದೆ. ಪರೀಕ್ಷೆಯಲ್ಲಿ ನಪಾಸಾದವನೊಬ್ಬ ತನ್ನ ಅಳತೆ ತಪ್ಪಿದ ಪಕ್ಕೆಲುಬನ್ನು ಯಾರೂ ಹೇಳದೆಯೇ ಮುರಿದು ಮತ್ತೆ ಕತ್ತರಿಸಿದ್ದನ್ನು ಕಂಡವರಿಗೆ ಅದು ಆಟದ ಕೋಣೆ ಅನ್ನಿಸುವುದಿಲ್ಲ.

ಸಿದ್ದೇಗೌಡರು ಒಂದು ದಿನ ಜೀಪಿನಲ್ಲಿ ದೊಡ್ಡ ಪೆಟ್ಟಿಗೆ ಹಾಕಿಕೊಂಡು ಬಂದರು. ವಿದೇಶದಿಂದ ಬಂದ ನೆಂಟರ ಕೈಲಿ ತರಿಸಿದ್ದ ಕಿಟ್. ಒಳಗೆ ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಬಿಡಿಭಾಗಗಳು: ಮರದ ಹಲಗೆಗಳು, ಮೇಜಿನಷ್ಟು ದೊಡ್ಡ ನಕ್ಷೆ, ಚಕ್ರ, ಗಾಜಿನಂಥ ಮುಚ್ಚಳ. ಗೌಡರು ಹುಡುಗನಾಗಿದ್ದಾಗ, ಯುದ್ಧದ ಕಾಲದಲ್ಲಿ, ದಾರಿ ತಪ್ಪಿದ ಒಂದು ವಿಮಾನ ಅವರ ಗದ್ದೆಬಯಲಿನ ಮೇಲೆ ತೀರ ತಗ್ಗಿನಲ್ಲಿ ಹಾರಿಹೋಗಿತ್ತಂತೆ. ಒಳಗೆ ಕೂತವನ ಮುಖ ಕಂಡಿತ್ತಂತೆ. "ಅದು ಯಾವ ವಿಮಾನವೋ ದೇವರಿಗೇ ಗೊತ್ತು. ನಂಗೆ ಮಾತ್ರ ಇದೇ ಅಂತ" ಎಂದರು. ಆಮೇಲೆ ವಿಷಯಕ್ಕೆ ಬಂದರು.

"ಕೊಯ್ಲು ಮುಗಿಯೋ ಹೊತ್ತಿಗೆ ಟ್ರಸ್ಟಿನೋರನ್ನೆಲ್ಲ ತೋಟಕ್ಕೆ ಊಟಕ್ಕೆ ಕರೀತೀನಿ. ಅವರ ಕಣ್ಣ ಮುಂದೆ ಇದು ಹಾರಬೇಕು. ಹಾರ್ತೋ, ಕೋಣೆ ನಿಮ್ದು. ಹಾರ್ಲಿಲ್ವೋ, ಆಮೇಲೆ ನನ್ನ ಮಾತು ಅಲ್ಲಿ ನಡೆಯಲ್ಲ, ತಿಳೀತಾ ಮೇಷ್ಟ್ರೆ?"

ಯುದ್ಧವಿಮಾನ ಕಟ್ಟುವುದು ಬೇರೆ ವಿಮಾನಗಳಂತಲ್ಲ. ಕಲಿಕೆಯ ವಿಮಾನದ ರೆಕ್ಕೆ ನೇರ ಹಲಗೆಯ ಹಾಗಿರುತ್ತದೆ, ಪಕ್ಕೆಲುಬುಗಳೆಲ್ಲ ಒಂದೇ ಅಳತೆ. ಸ್ಪಿಟ್‌ಫೈರಿನ ರೆಕ್ಕೆ ಮಾವಿನ ಎಲೆಯ ಹಾಗೆ ತುದಿಗೆ ಹೋಗುತ್ತ ಬಾಗಿ ಸಣ್ಣದಾಗುತ್ತದೆ, ಒಂದು ಪಕ್ಕೆಲುಬಿನಂತೆ ಇನ್ನೊಂದಿಲ್ಲ. ನಕ್ಷೆಯನ್ನು ಮೇಜಿನ ಮೇಲೆ ಹಾಸಿ, ಅದರ ಮೇಲೆ ಮೇಣದ ಕಾಗದ ಹರಡಿ, ಒಂದೊಂದೇ ಪಕ್ಕೆಲುಬನ್ನು ಗುಂಡುಪಿನ್ನಿನಿಂದ ಚುಚ್ಚಿ ನಿಲ್ಲಿಸಿ ಅಂಟು ಹಾಕಿದೆವು. ರೆಕ್ಕೆ ಪೂರ್ತಿಯಾದಾಗ ತುದಿಯಿಂದ ತುದಿಗೆ ನಾನು ಎರಡೂ ಕೈ ಚಾಚಿದಷ್ಟು ಅಗಲವಿತ್ತು. ಸಮತಟ್ಟಾದ ಮೇಜಿನ ಮೇಲಿಟ್ಟು ನೋಡಿದೆವು. ಎಲ್ಲೂ ಏಳುತ್ತಿರಲಿಲ್ಲ, ಎಲ್ಲೂ ತಿರುಚಿರಲಿಲ್ಲ. ಆ ದಿನ ನಾಗಭೂಷಣ ಸರ್ ಎಲ್ಲರಿಗೂ ಮಂಡಕ್ಕಿ ತರಿಸಿದರು.

ತೊಂದರೆ ಬಂದದ್ದು ಹೊದಿಕೆ ಹಾಕಿ ಬಣ್ಣಕ್ಕೆ ಸಿದ್ಧಮಾಡುವಾಗ. ತೆಳುಬಟ್ಟೆ ಹೊದಿಸಿ ಅದರ ಮೇಲೆ ಡೋಪ್ ಎಂಬ ಮೆರುಗೆಣ್ಣೆಯನ್ನು ಪದರಪದರವಾಗಿ ಬಳಿಯಬೇಕು. ಒಣಗುತ್ತ ಅದು ಬಟ್ಟೆಯನ್ನು ಚರ್ಮವಾದ್ಯದಂತೆ ಬಿಗಿಯುತ್ತದೆ. ನಮ್ಮ ಕಡೆ ಶ್ರಾವಣ ಕಳೆದರೂ ಮಳೆ ಬಿಟ್ಟಿರಲಿಲ್ಲ. ಗಾಳಿಯ ತೇವಕ್ಕೆ ಡೋಪ್ ಒಣಗುವ ಬದಲು ಬೆಳ್ಳಗಾಯಿತು, ರೆಕ್ಕೆಯ ಮೇಲೆ ಯಾರೋ ಮಜ್ಜಿಗೆ ಚೆಲ್ಲಿದ ಹಾಗೆ. ಉಜ್ಜಿ ತೆಗೆದು ಮತ್ತೆ ಬಳಿದೆವು, ಮತ್ತೆ ಮಜ್ಜಿಗೆ. ದೊಡ್ಡ ಬಲ್ಬು ಹಾಕಿ ಕಾಯಿಸೋಣವೆಂದರೆ ಕರೆಂಟು ಇರುತ್ತಿರಲಿಲ್ಲ.

ಸಿದ್ದೇಗೌಡರೇ ದಾರಿ ಹೇಳಿದರು. "ನಮ್ಮಲ್ಲಿ ಏಲಕ್ಕಿ ಒಣಗಿಸೋ ಕೋಣೆ ಹೊಗೆ ಇಲ್ದೆ ಬೆಚ್ಚಗಿರ್ತದಲ್ಲ ಮಾರಾಯ್ರೆ. ಏಲಕ್ಕಿ ಒಣಗೋ ಜಾಗದಲ್ಲಿ ಇದು ಒಣಗಲ್ವಾ?"

ಇದಕ್ಕಿಂತ ಒಳ್ಳೆಯ ಉಪಾಯ ಇರಲಾರದೆಂದು ಕೋಣೆಯಲ್ಲಿದ್ದ ಎಲ್ಲರಿಗೂ ಅನ್ನಿಸಿತು. ಮಲೆನಾಡಿನಲ್ಲಿ ಒದ್ದೆಯಾದದ್ದೇನಿದ್ದರೂ ಅದಕ್ಕೊಂದು ಬೆಚ್ಚನೆಯ ಗೂಡು ಹುಡುಕುವುದೇ ನಮ್ಮ ಬುದ್ಧಿ. ರೆಕ್ಕೆಯನ್ನು ಕಂಬಳಿಯಲ್ಲಿ ಸುತ್ತಿ ಜೀಪಿನಲ್ಲಿ ಕಳಿಸಿದೆವು. ಅದು ಏಲಕ್ಕಿಯ ನಡುವೆ ತಂತಿಜಾಲರಿಯ ಮೇಲೆ ಮಲಗಿ, ಮೂರು ದಿನದ ನಂತರ ಗಾಜಿನ ಹಾಗೆ ಹೊಳೆಯುತ್ತ, ಘಮಘಮಿಸುತ್ತ ಬಂತು. ಹುಡುಗರು ಒಬ್ಬೊಬ್ಬರಾಗಿ ಬಂದು ರೆಕ್ಕೆಯನ್ನು ಮೂಸಿದರು. ನಾಗಭೂಷಣ ಸರ್ ಕಣ್ಣು ಮುಚ್ಚಿ ಈ ತುದಿಯಿಂದ ಆ ತುದಿಗೆ ಬೆರಳಾಡಿಸಿ, "ರೇಷ್ಮೆ" ಎಂದರು. ಅವರು ಅಷ್ಟು ಹೊಗಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಆಮೇಲೆ ಕೆಲಸವೆಲ್ಲ ಹಬ್ಬವಾಯಿತು. ಮೇಲ್ಮೈಗೆ ಹಸಿರು ಮತ್ತು ಕಂದು ಬಣ್ಣದ ಮರೆಮಾಚುವ ಪಟ್ಟೆಗಳು, ಹೊಟ್ಟೆಗೆ ಮೋಡದ ಬೂದು. ಗಟ್ಟಿ ಪೆನ್ಸಿಲಿನಿಂದ ತಗಡು ಜೋಡಿಸಿದ ಗೆರೆಗಳನ್ನು ಎಳೆದೆವು. ಹೊಗೆಕೊಳವೆಯ ಹಿಂದೆ ಮಸಿ ಹಿಡಿದಂತೆ ಕಾಡಿಗೆ ತೀಡಿದೆವು. ಒಳಗೆ ಕೂರುವ ಬೆರಳುದ್ದದ ಪೈಲಟ್‌ಗೆ ಮುಖ ಬರೆದವಳು ನಾನು. ಹುಡುಗರು ಅವನಿಗೆ ಸಿದ್ದೇಗೌಡರ ಮೀಸೆ ಬೇಕೆಂದರು. ಬರೆದೆ. ಇಂಜಿನ್ನು, ರೇಡಿಯೋ ಎಲ್ಲವನ್ನೂ ಮೂರು ಸಲ ಪರೀಕ್ಷಿಸಿದೆವು. ರೆಕ್ಕೆಯನ್ನು ಮಾತ್ರ ಮತ್ತೆ ಮೇಜಿನ ಮೇಲೆ ಮಲಗಿಸಿ ನೋಡುವುದು ಯಾರಿಗೂ ಹೊಳೆಯಲಿಲ್ಲ. ಅದನ್ನು ಕಟ್ಟಿದಾಗಲೇ ನೋಡಿ ಆಗಿತ್ತಲ್ಲ.

ಕೊಯ್ಲು ಮುಗಿಯುತ್ತ ಬಂದ ಒಂದು ಭಾನುವಾರ ಸಿದ್ದೇಗೌಡರ ತೋಟದಲ್ಲಿ ಎಲ್ಲರೂ ಸೇರಿದೆವು. ಮನೆಯ ಕೆಳಗೆ ಕೊಯ್ದು ಒಣಗಿದ ಗದ್ದೆ, ಅದೇ ನಮ್ಮ ರನ್‌ವೇ. ಗದ್ದೆಯ ಎಡಬದಿಗೆ ಒಂದಾಳೆತ್ತರದ ಮೇಲೆ ಕಾಫಿ ಒಣಗಿಸುವ ಸಿಮೆಂಟಿನ ಕಣ. ಬಲಬದಿಗೆ ಶಾಮಿಯಾನ, ಕುರ್ಚಿ, ಟ್ರಸ್ಟಿನವರು, ಅವರ ಮನೆಯವರು. ಕುರ್ಚಿಗಳ ಮುಂದೆ ನಾನೇ ನಿಂತು ಹಗ್ಗ ಕಟ್ಟಿಸಿದ್ದೆ, ಮಕ್ಕಳು ದಾಟದಿರಲಿ ಎಂದು. ಕಣದಲ್ಲಿ ಎಂದಿನಂತೆ ಕೆಲಸ ನಡೆದಿತ್ತು. ಹಣ್ಣಿನ ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಕಾಫಿಯನ್ನು ಬಿಸಿಲಲ್ಲಿ ಆಗಾಗ ಎಳೆದು ತಿರುವದಿದ್ದರೆ ಕೆಡುತ್ತದೆ, ಭಾನುವಾರವೆಂದು ಅದು ಕಾಯುವುದಿಲ್ಲ. ನಾಲ್ಕೈದು ಹೆಂಗಸರು ಉದ್ದ ಹಿಡಿಯ ಹಲಗೆ ಹಿಡಿದು ಎಳೆಯುತ್ತಿದ್ದರು. ಅವರ ಕಡೆ ಹಗ್ಗವಿರಲಿಲ್ಲ. ನೋಡಲು ಬಂದವರನ್ನು ನಾವು ಎಣಿಸಿದ್ದೆವು. ಕೆಲಸಕ್ಕೆ ಬಂದವರು ನಮ್ಮ ಎಣಿಕೆಯಲ್ಲೇ ಇರಲಿಲ್ಲ.

ಹಾರಿಸಿದವನು ಗೌಡರ ತಮ್ಮನ ಮಗ ಪ್ರಸನ್ನ. ನಮ್ಮಲ್ಲೇ ಕಲಿತವನು, ತೋಟ ನೋಡಿಕೊಳ್ಳುತ್ತಿದ್ದ. ಅವನಷ್ಟು ಮೆತ್ತನೆಯ ಕೈ ನಾನು ಬೇರೆ ಕಂಡಿಲ್ಲ. ಸ್ಪಿಟ್‌ಫೈರ್ ಗದ್ದೆಯ ಕೂಳೆಯ ಮೇಲೆ ಓಡಿ, ಬಾಲ ಎತ್ತಿ, ನೆಲ ಬಿಟ್ಟಿತು. ಎದ್ದಕೂಡಲೇ ಸ್ವಲ್ಪ ಬಲಕ್ಕೆ ವಾಲಿತು. ಪ್ರಸನ್ನ ಕೈಯಲ್ಲಿದ್ದ ರಿಮೋಟಿನ ಕಡ್ಡಿಯನ್ನು ಎಡಕ್ಕೆ ಹಿಡಿದು ಸರಿಮಾಡಿದ. ಅಲ್ಲೇ ನಮಗೆ ಗೊತ್ತಾಗಬೇಕಿತ್ತು, ಆದರೆ ಚಪ್ಪಾಳೆ ಬಿದ್ದಿತ್ತು. ಬೆಟ್ಟದ ಸಾಲಿನ ಎದುರು ಅದು ಒಂದು ಸುತ್ತು, ಎರಡು ಸುತ್ತು ಹೊಡೆದಾಗ ಯಾರಿಗೂ ಅದು ಮಾದರಿ ಎನ್ನಿಸುತ್ತಿರಲಿಲ್ಲ. ಕಂಪ್ಯೂಟರ್ ಕೋಣೆಯ ಪರವಾಗಿದ್ದ ಸದಸ್ಯರೊಬ್ಬರು ಎದ್ದು ನಿಂತು ನೋಡುತ್ತಿದ್ದರು. ಕೋಣೆ ಉಳಿಯಿತು ಎಂದುಕೊಂಡೆ.

ಸಿದ್ದೇಗೌಡರು ಪ್ರಸನ್ನನ ಬಳಿ ಹೋಗಿ ಮಗುವಿನ ಹಾಗೆ ಕೇಳಿದರು. "ಒಂದ್ಸಲ ತಗ್ಗಲ್ಲಿ, ನಿಧಾನಕ್ಕೆ ತಗೊಂಡು ಬಾರೋ. ಅವತ್ತು ಬಂದಿತ್ತಲ್ಲ, ಹಂಗೆ."

ಪ್ರಸನ್ನ ವಿಮಾನವನ್ನು ತಿರುಗಿಸಿ, ಇಂಜಿನ್ನಿನ ವೇಗ ಇಳಿಸಿದ. ಆ ಸದ್ದು ಇಳಿದದ್ದು ನನಗೆ ಇವತ್ತಿಗೂ ಕೇಳುತ್ತದೆ. ಗದ್ದೆಯ ತುದಿಗೆ ಬರುವಷ್ಟರಲ್ಲಿ ಎಡ ರೆಕ್ಕೆ, ಕೆಳಗಿನಿಂದ ಯಾರೋ ಹಿಡಿದು ಜಗ್ಗಿದಂತೆ, ಕುಸಿಯಿತು. ವಿಮಾನ ಮಗುಚಿಕೊಂಡು ಕಣದ ಕಡೆ ತಿರುಗಿತು. ಪ್ರಸನ್ನ ಪೂರ್ತಿ ವೇಗ ಕೊಟ್ಟ. ಅದು ಇನ್ನೂ ಜೋರಾಗಿ ಹೋಯಿತು. ಕಣದ ಅಂಚಿನಲ್ಲಿ ಒಬ್ಬಳು ನಮಗೆ ಬೆನ್ನು ಮಾಡಿ ಹಲಗೆ ಎಳೆಯುತ್ತಿದ್ದಳು. ನಾನು ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ಕೂಗಬೇಕೆಂದು ಬಾಯಿ ತೆರೆದದ್ದು ಮಾತ್ರ ನೆನಪಿದೆ.

ಅವಳ ಕೈಯಲ್ಲಿದ್ದ ಹಲಗೆಯ ಹಿಡಿಗೆ ವಿಮಾನ ಬಡಿಯಿತು. ಹಿಡಿ ಎರಡು ತುಂಡಾಯಿತು, ವಿಮಾನ ಕಾಫಿಯ ರಾಶಿಗೆ ಮೂಗು ಹೊಕ್ಕು ನಿಂತಿತು. ಕಾಫಿಬೀಜ ಮಳೆಯ ಹಾಗೆ ಮೇಲೆದ್ದು ಬಿತ್ತು. ಆಮೇಲೆ ಯಾವ ಸದ್ದೂ ಇರಲಿಲ್ಲ.

ನಾನು ಓಡಿದ್ದು ನೆನಪಿಲ್ಲ, ಕಣದ ಮೇಲಿದ್ದೆ ಅಷ್ಟೆ. ಅವಳ ಹೆಸರು ದೇವಕಿ ಎಂದು ಗೊತ್ತಾದದ್ದು ಆಗ. ನಡುವಯಸ್ಸಿನ ಹೆಂಗಸು. ಕಾಲು ಚಾಚಿ ಕಾಫಿಯ ಮೇಲೆ ಕೂತಿದ್ದಳು, ಕೈಯಲ್ಲಿ ಅರ್ಧ ಹಿಡಿ, ಸೀರೆಯ ತುಂಬ ಹರಳೆಣ್ಣೆಯ ಜಿಡ್ಡು. ಮೈಮೇಲೆ ಒಂದು ಗೀರು ಕೂಡ ಇರಲಿಲ್ಲ. ನಾನು ಅವಳ ಕೈ ಹಿಡಿದುಕೊಂಡೆ.

"ಟೀಚರಮ್ಮ, ನಿಮ್ ಕೈ ಯಾಕಿಂಗೆ ನಡುಗ್ತದೆ?" ಎಂದಳು. "ಬಿದ್ದಿದ್ದು ನನ್ನ ಹತ್ರ."

ಪಕ್ಕದವಳು ಅಳತೊಡಗಿದಳು. ದೇವಕಿ ಅವಳನ್ನು ಗದರಿದಳು. "ನೀ ಯಾಕ್ ಅಳ್ತೀಯೇ? ಹೋಗಿದ್ದು ಹಲಗೆ, ತಲೆ ಅಲ್ಲ." ಆದರೆ ಎದ್ದು ನಿಲ್ಲಲು ಹೋದಾಗ ಅವಳ ಕಾಲು ಬರಲಿಲ್ಲ. ಸಿದ್ದೇಗೌಡರು ಕಣದ ಮೆಟ್ಟಿಲಲ್ಲಿ ನಿಂತಿದ್ದರು. ಅಷ್ಟು ದೊಡ್ಡ ಮನುಷ್ಯ ಆ ಹೊತ್ತಿಗೆ ಎಲ್ಲಿ ಕೈಯಿಡಬೇಕೆಂದು ತಿಳಿಯದೆ ತಮ್ಮ ಶಾಲು ತೆಗೆದು ಅವಳ ಹೆಗಲಿಗೆ ಹೊದಿಸಿದರು. ಜೀಪಿನಲ್ಲಿ ಮೂಡಿಗೆರೆಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದರು. ಅವಳಿಗೆ ಏನೂ ಆಗಿರಲಿಲ್ಲ. ಏನೂ ಆಗಿಲ್ಲ ಎನ್ನುವ ಮಾತನ್ನು ಆಮೇಲೆ ಎಲ್ಲರೂ ನನಗೆ ಸಮಾಧಾನವಾಗಿ ಹೇಳಿದರು. ನನಗೆ ಮಾತ್ರ ಆ ಹಿಡಿ ಮುರಿದ ಜಾಗಕ್ಕೂ ಅವಳ ಕುತ್ತಿಗೆಗೂ ನಡುವೆ ಇದ್ದ ಗೇಣಷ್ಟು ಗಾಳಿಯೇ ಕಾಣುತ್ತಿತ್ತು.

ವಾರದ ಮೇಲೆ ಟ್ರಸ್ಟಿನ ಸಭೆ. ನಾಗಭೂಷಣ ಸರ್ ಮುರಿಯದೆ ಉಳಿದಿದ್ದ ಎಡ ರೆಕ್ಕೆಯನ್ನು ಹೊತ್ತುಕೊಂಡು ಬಂದು ಸಭೆಯ ಗಾಜಿನ ಮೇಜಿನ ಮೇಲೆ ಮಲಗಿಸಿದರು. ಕೋಣೆಯಲ್ಲೆಲ್ಲ ಏಲಕ್ಕಿಯ ಪರಿಮಳ ಹರಡಿತು. ರೆಕ್ಕೆಯ ತುದಿಯ ಒಂದು ಅಂಚು ಮೇಜಿನಿಂದ ಎದ್ದು ನಿಂತಿತ್ತು, ಕೆಳಗೆ ಎರಡು ಬೆರಳು ತೂರುವಷ್ಟು. ಏಲಕ್ಕಿ ಕೋಣೆಯಲ್ಲಿ ಬಿಸಿಕೊಳವೆಯ ಮಗ್ಗುಲಿಗಿದ್ದ ಬದಿ ಹೆಚ್ಚು ಬಿಗಿದುಕೊಂಡು ರೆಕ್ಕೆಯನ್ನು ತಿರುಚಿತ್ತು. ವೇಗವಿರುವಾಗ ಅಂಥ ರೆಕ್ಕೆ ತಾನೇ ಹೆಚ್ಚು ಎದ್ದು ವಿಮಾನವನ್ನು ಇನ್ನೊಂದು ಬದಿಗೆ ವಾಲಿಸುತ್ತದೆ, ವೇಗ ಇಳಿದಾಗ ಅದೇ ಮೊದಲು ಸೋಲುತ್ತದೆ.

"ಹತ್ತು ವರ್ಷದಿಂದ ಬೆರಳು ಸುಳ್ಳು ಹೇಳಲ್ಲ ಅಂತ ಪಾಠ ಮಾಡಿದೀನಿ" ಎಂದರು ಸರ್. "ಬೆರಳಿಗೆ ನುಣುಪು ಗೊತ್ತಾಗ್ತದೆ. ತಿರುಚಿದ್ದು ಗೊತ್ತಾಗಲ್ಲ. ಅದಕ್ಕೆ ಮೇಜೇ ಬೇಕು."

"ಮೊದಲೇ ಗೊತ್ತಾಗೋಕೆ ಎಷ್ಟು ಹೊತ್ತು ಬೇಕಿತ್ತು?" ಎಂದು ಒಬ್ಬರು ಕೇಳಿದರು.

"ಒಂದು ನಿಮಿಷ."

ಕೋಣೆ ಮುಚ್ಚುವುದೇ ಸರಿ ಎಂಬ ಮಾತು ಬಂತು. ನನಗೆ ಮಾತಾಡುವ ಹಕ್ಕಿರಲಿಲ್ಲ, ಸರ್ ಜೊತೆ ರೆಕ್ಕೆಯ ಇನ್ನೊಂದು ತುದಿ ಹಿಡಿದು ಬಂದವಳು. ಆದರೂ ಹೇಳಿದೆ. ನಮ್ಮ ತಂದೆ ಬಣಕಲ್ ಹತ್ತಿರದ ಒಂದು ಎಸ್ಟೇಟಿನಲ್ಲಿ ಆಳುಗಳ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರ್ ಆಗಿದ್ದರು. ಮರಗಸಿಯ ಕಾಲದಲ್ಲಿ, ಎಂದರೆ ನೆರಳುಮರಗಳ ಕೊಂಬೆ ಸವರುವಾಗ, ಆಳು ಮರ ಹತ್ತಿದ ಮೇಲೆ ಅಪ್ಪ ಕೆಳಗೆ ಮರಕ್ಕೆ ಬೆನ್ನು ಮಾಡಿ ನಿಲ್ಲುತ್ತಿದ್ದರು. ಮೇಲೆ ಎಷ್ಟೇ ಸದ್ದಾದರೂ ತಲೆಯೆತ್ತುತ್ತಿರಲಿಲ್ಲ. ಚಿಕ್ಕವಳಾಗಿ ನಾನು ಕೇಳಿದ್ದೆ, ಕೊಂಬೆ ಬೀಳುವುದನ್ನು ಯಾಕೆ ನೋಡುವುದಿಲ್ಲ ಎಂದು. "ಕೊಂಬೆ ನೋಡೋಕೆ ಎಲ್ಲರೂ ಇದ್ದಾರೆ. ಕೆಳಗೆ ಯಾರು ಬಂದ್ರು ಅಂತ ನೋಡೋಕೆ ಒಬ್ಬ ಬೇಕಲ್ಲ" ಎಂದಿದ್ದರು. "ಅವತ್ತು ತೋಟದಲ್ಲಿ ಎಲ್ಲರೂ ವಿಮಾನ ನೋಡ್ತಿದ್ರು, ಜನರನ್ನ ನೋಡೋರು ಯಾರೂ ಇರ್ಲಿಲ್ಲ. ಇನ್ಮೇಲೆ ಆ ಕೆಲಸ ನಾನು ಮಾಡ್ತೀನಿ" ಎಂದೆ.

ಸಿದ್ದೇಗೌಡರು ರೆಕ್ಕೆಯ ಕೆಳಗಿನ ಆ ಸಂದಿಗೆ ಎರಡು ಬೆರಳು ತೂರಿಸಿ ನೋಡಿದರು.

"ನಾನು ದೇವಕಿನ ಕೇಳ್ದೆ" ಎಂದರು. "ಮುಚ್ಚಿಸ್ಲಾ ಅಂತ. ನೀವು ಮುಚ್ಚಿ, ಇಲ್ಲ ಬಿಡಿ, ನನ್ ಹಲಗೆ ಮೊದ್ಲು ಮಾಡಿಸ್ಕೊಡಿ ಅಯ್ಯ ಅಂದ್ಲು. ಆಮೇಲೆ, ಆ ವಿಮಾನ ರಿಪೇರಿ ಆಗ್ತದಾ ಅಂತ ಕೇಳಿದ್ಲು." ಗೌಡರು ಸುತ್ತ ಕೂತವರನ್ನು ನೋಡಿದರು. "ಒಂದು ನಿಮಿಷದ ಕೆಲಸ ಬಿಟ್ರೆ ಏನಾಗ್ತದೆ ಅಂತ ಹುಡುಗರಿಗೆ ಹೇಳಿಕೊಡೋ ಜಾಗ ಬೇರೆ ಯಾವುದಿದೆ ನಮ್ಮ ಕಾಲೇಜಲ್ಲಿ? ಒಂದು ವರ್ಷ ನೋಡಾಣ. ಕಂಪ್ಯೂಟರಿಗೆ ನನ್ನ ಕಡೆಯಿಂದ ಶೀಟು ಹಾಕಿಸಿ ಒಂದು ಕೋಣೆ ಕಟ್ಟಿಸ್ತೀನಿ."

ಹಾಗೆ ಉಳಿದ ಕೋಣೆಯಲ್ಲಿ ಮೊದಲು ತಯಾರಾದದ್ದು ವಿಮಾನವಲ್ಲ, ಕಾಫಿ ಎಳೆಯುವ ಹಲಗೆ. ಹುಡುಗರು ಸಿಲ್ವರ್ ಓಕ್ ಮರದಲ್ಲಿ ಮಾಡಿ, ಮೂರು ನಮೂನೆಯ ಉಪ್ಪುಕಾಗದದಲ್ಲಿ ಉಜ್ಜಿ, ಮೆರುಗು ಹಾಕಿದರು. ನಾಗಭೂಷಣ ಸರ್ ಬೆರಳಾಡಿಸಿದರು, ಆಮೇಲೆ ಮೇಜಿನ ಮೇಲೂ ಮಲಗಿಸಿ ನೋಡಿದರು. ನಾನೇ ಬಸ್ಸಿನಲ್ಲಿ ಬಣಕಲ್‌ಗೆ ಒಯ್ದು ಕೊಟ್ಟೆ. ದೇವಕಿ ಎರಡು ಸಲ ಎಳೆದು ನೋಡಿ ಹೇಳಿದಳು:

"ಚಂದ ಇದೆ ಟೀಚರಮ್ಮ. ಆದ್ರೆ ಹಿಡೀಲಿ ಕೈ ಜಾರ್ತದೆ. ಇಷ್ಟು ನುಣುಪು ಯಾರಿಗೆ ಬೇಕಿತ್ತು?"

ಹಿಡಿಗೆ ಹಗ್ಗ ಸುತ್ತಿಕೊಂಡಳು. ಮುಂದೆ ಹುಡುಗರಿಗೆ ಉಜ್ಜಿ ಮೆರುಗು ಹಾಕುವ ಮುಗಿತಾಯದ ಪಾಠ ಮಾಡುವಾಗ ನಾನು ಈ ಮಾತನ್ನು ತಪ್ಪದೆ ಹೇಳಿದ್ದೇನೆ. ನುಣುಪು ಎಲ್ಲಿ ಬೇಕು, ಎಲ್ಲಿ ಬೇಡ ಎಂದು ತಿಳಿಯುವುದೂ ಮುಗಿತಾಯದ ಭಾಗವೇ.

ಸ್ಪಿಟ್‌ಫೈರಿನ ಹೊಸ ರೆಕ್ಕೆಗೆ ಇನ್ನೊಂದು ವರ್ಷ ಹಿಡಿಯಿತು. ಈ ಸಲ ಮಳೆ ಪೂರ್ತಿ ಬಿಡುವವರೆಗೆ ಡೋಪಿನ ಡಬ್ಬಿ ತೆರೆಯಲಿಲ್ಲ. ಪ್ರತಿ ಪದರ ಒಣಗಿದ ಮೇಲೂ ಮೇಜಿನ ಮೇಲೆ ಮಲಗಿಸಿದೆವು. ಹಾರಿಸುವ ದಿನ ಕಣದ ಸುತ್ತಲೂ ಹಗ್ಗ ಬಂತು, ಆ ಹೊತ್ತಿಗೆ ಕೆಲಸ ನಿಲ್ಲಿಸಿ ಕಣದ ಹೆಂಗಸರೂ ಹಗ್ಗದ ಈಚೆ ಬಂದು ನಿಂತರು. ಪ್ರಸನ್ನ ಒಂದು ವರ್ಷ ರಿಮೋಟ್ ಮುಟ್ಟಿರಲಿಲ್ಲ, "ನನ್ ಕೈಲಿ ಆಗಲ್ಲ ಮೇಡಂ" ಎನ್ನುತ್ತಿದ್ದ. ದೇವಕಿಯೇ ಅವನನ್ನು ಕೆಣಕಿದಳು: "ಹಾರ್ಸಿ ಸಣ್ಣಯ್ಯ. ಈ ಸಲ ನನ್ನ ಕೈಲಿ ಹಲಗೆನೂ ಇಲ್ಲ."

ನಾನು ವಿಮಾನಕ್ಕೆ ಬೆನ್ನು ಹಾಕಿ, ಜನರಿಗೆ ಮುಖ ಮಾಡಿ ನಿಂತೆ. ಬೆನ್ನ ಹಿಂದೆ ಇಂಜಿನ್ ಸದ್ದು ಏರಿದಾಗ ನನ್ನ ಕುತ್ತಿಗೆಯ ನರಗಳೆಲ್ಲ ತಿರುಗು ಎಂದವು. ತಿರುಗಲಿಲ್ಲ. ಎದುರಿಗಿದ್ದ ಮುಖಗಳಲ್ಲೇ ವಿಮಾನ ಕಂಡಿತು. ಗಲ್ಲಗಳು ಒಟ್ಟಿಗೆ ಮೇಲೆದ್ದವು, ಕಣ್ಣುಗಳು ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ ಹೋದವು, ಸಿದ್ದೇಗೌಡರ ಬಾಯಿ ತೆರೆದೇ ಇತ್ತು. ಕೊನೆಗೆ ಎಲ್ಲ ಗಲ್ಲಗಳೂ ನಿಧಾನವಾಗಿ ಕೆಳಗಿಳಿದವು.

"ಇಳೀತು ಟೀಚರಮ್ಮ" ಎಂದಳು ದೇವಕಿ. "ಈಗ ತಿರುಗಿ."

ಅಂದಿನಿಂದ ಅದು ನಮ್ಮ ಕೋಣೆಯ ಪದ್ಧತಿಯಾಯಿತು. ಆಮೇಲೆ ನಾಗಭೂಷಣ ಸರ್ ನಿವೃತ್ತರಾದರು, ಕೋಣೆಯ ಬೀಗದ ಕೈ ನನಗೆ ಬಂತು. ಡೋಪ್ ಹೋಗಿ ಇಸ್ತ್ರಿಪೆಟ್ಟಿಗೆಯಿಂದ ಅಂಟಿಸುವ ಹೊದಿಕೆ ಬಂತು, ಹರಳೆಣ್ಣೆ ಹೋಗಿ ಬ್ಯಾಟರಿ ಬಂತು, ಪೆಟ್ಟಿಗೆ ತೆರೆದ ಸಂಜೆಯೇ ಹಾರುವ ಥರ್ಮೋಕೋಲಿನಂಥ ವಿಮಾನಗಳು ಬಂದವು. ಹಳಬರು ಇದಕ್ಕೆ ಗೊಣಗುತ್ತಾರೆ. ನನಗೆ ಬೇಸರವಿಲ್ಲ. ಹಗುರವಾದದ್ದು ಬಿದ್ದರೆ ಪೆಟ್ಟೂ ಹಗುರ. ಆದರೆ ಯಾವುದೇ ವಿಮಾನವಿರಲಿ, ರೆಕ್ಕೆ ಮೇಜಿನ ಮೇಲೆ ಮಲಗದೆ ಹೊರಗೆ ಹೋಗಲಿಲ್ಲ, ಒಬ್ಬರು ಬೆನ್ನು ಹಾಕಿ ನಿಲ್ಲದೆ ಇಂಜಿನ್ ಶುರುವಾಗಲಿಲ್ಲ. ಆ ಒಬ್ಬರು ಯಾವಾಗಲೂ ನಾನೇ. ಕಟ್ಟಿದ ವಿಮಾನಗಳಲ್ಲಿ ಒಂದೂ ನೆಲ ಬಿಡುವುದನ್ನು ಆಮೇಲೆ ನಾನು ನೋಡಲಿಲ್ಲ. ಅದು ತ್ಯಾಗವೇನಲ್ಲ. ನೋಡಲು ಹೆದರಿಕೆಯೂ ಇತ್ತು ಎಂಬುದನ್ನು ಸಂತೋಷನಂಥವರು ತಿಳಿದಿರಬೇಕು. ಹೆದರಿಕೆ ಹೋಗುವವರೆಗೆ ಕಾದರೆ ಕೆಲಸ ನಿಲ್ಲುತ್ತದೆ. ಅದಕ್ಕೂ ಒಂದು ಕೆಲಸ ಕೊಟ್ಟು ಜೊತೆಗೆ ಇಟ್ಟುಕೊಳ್ಳಬೇಕು.

ನನ್ನ ನಿವೃತ್ತಿಯ ವಾರ ಸಂತೋಷ್ ಅದೇ ಸ್ಪಿಟ್‌ಫೈರನ್ನು ಒರೆಸಿ, ಹಳೆಯ ಇಂಜಿನ್ನಿನೊಂದಿಗೇ ಗೌಡರ ಗದ್ದೆಗೆ ತಂದ. ಹಾರಿಸಲು ಪ್ರಸನ್ನ ಬಂದಿದ್ದ. ಸಿದ್ದೇಗೌಡರು ಊರುಗೋಲು ಹಿಡಿದು ಕುರ್ಚಿಯಲ್ಲಿದ್ದರು. ದೇವಕಿ ಕಣದ ಕೆಲಸ ಬಿಟ್ಟು ಮಗಳ ಮನೆಯಲ್ಲಿದ್ದವಳು, ಹೇಳಿಕಳಿಸಿದ್ದಕ್ಕೆ ಬಂದಿದ್ದಳು. ನಾನು ನನ್ನ ಜಾಗಕ್ಕೆ ಹೋಗುವಷ್ಟರಲ್ಲಿ ಸಂತೋಷ್ ಅಲ್ಲಿ ನಿಂತಿದ್ದ.

"ಮೇಡಂ, ಇವತ್ತು ನಾನು ನಿಲ್ತೀನಿ. ನೀವು ನೋಡಿ."

ದೇವಕಿ ನನ್ನ ತೋಳು ಹಿಡಿದು ತನ್ನ ಪಕ್ಕಕ್ಕೆ ಎಳೆದುಕೊಂಡಳು.

ವಿಮಾನ ಕೂಳೆಯ ಮೇಲೆ ಓಡಿತು. ಮೊದಲು ಬಾಲ ಏಳುತ್ತದೆ ಎಂಬುದನ್ನೇ ಮರೆತುಬಿಟ್ಟಿದ್ದೆ. ಆಮೇಲೆ ಚಕ್ರಗಳ ಕೆಳಗೆ ಬೆಳಕು ಕಂಡಿತು, ಅದು ಎತ್ತಲೂ ವಾಲದೆ ಬೆಟ್ಟದ ಕಡೆ ಎದ್ದಿತು. ಮೀಸೆಯ ಪೈಲಟ್ ಗಾಜಿನೊಳಗೆ ನೆಟ್ಟಗೆ ಕೂತಿದ್ದ. ನನ್ನ ಕೈಯಲ್ಲಿ ಹುಟ್ಟಿದ್ದು ಇಷ್ಟು ಚೆನ್ನಾಗಿ ಹಾರುತ್ತದೆಂದು ಜನ ಹೇಳಿದ್ದನ್ನು ಕೇಳಿದ್ದೆ, ಅಷ್ಟೆ. ಕೊನೆಯ ಸುತ್ತಿನಲ್ಲಿ ಪ್ರಸನ್ನ ದೊಡ್ಡಪ್ಪನ ಕಡೆ ನೋಡಿ, ವಿಮಾನವನ್ನು ತಗ್ಗಿಗೆ ತಂದ, ಜನರಿಂದ ದೂರಕ್ಕೆ, ಗದ್ದೆಯ ಆಚೆಯ ಅಂಚಿನಲ್ಲಿ. ಇಂಜಿನ್ ಸದ್ದು ಇಳಿಯಿತು.

ದೇವಕಿಯ ಕೈ ಹಿಡಿದೆ, ಈ ಸಲ ಅವಳ ಕೈಯೂ ನಡುಗುತ್ತಿತ್ತು. ಆ ಗಳಿಗೆಯಲ್ಲಿ ನಾನು ನೋಡಿದ್ದು ವಿಮಾನವನ್ನಲ್ಲ, ಸಂತೋಷನನ್ನು. ಗದ್ದೆಯಲ್ಲಿದ್ದ ಎಲ್ಲ ಕಣ್ಣುಗಳೂ ಆಕಾಶದಲ್ಲಿದ್ದವು. ಅವನು ಸದ್ದಿಗೆ ಬೆನ್ನು ಕೊಟ್ಟು, ಒಬ್ಬೊಬ್ಬರ ಮುಖವನ್ನೂ ನೋಡುತ್ತ, ಅಲ್ಲೇ ನಿಂತಿದ್ದ.

ತಿರುಗಲಿಲ್ಲ.